ಯಂತ್ರೋಪಕರಣಗಳ ನಿರ್ಮಾಪಕ ದಾಖಲೆಗಳು

ಲೇತು, ಮಿಲ್ಲಿಂಗ್ ಯಂತ್ರ, ಡ್ರಿಲ್ಲಿಂಗ್ ಯಂತ್ರ, ಗ್ರೈಂಡಿಂಗ್ ಯಂತ್ರ ಮೊದಲಾದವು ಇತರ ಯಂತ್ರಗಳ ಅಂಗಾಂಗಗಳನ್ನು ರೂಪಿಸುವ ಯಂತ್ರಗಳಾದ ಕಾರಣ ಅವುಗಳಿಗೆ ಯಂತ್ರೋಪಕರಣಗಳೆಂಬ ಹೆಸರು ಸಂದಿದೆ. ಇವನ್ನು ತಯಾರಿಸಿದ ಕಾರ್ಖಾನೆಗಳು ತಮ್ಮ ನಿತ್ಯದ ಕಾರ್ಯಸೌಕರ್ಯಕ್ಕಾಗಿ ಬರೆದಿರಿಸಿಕೊಂಡ ಕ್ರಮಸಂಖ್ಯೆಯ ಖಾತೆ, ಬೇಡಿಕೆಯ ಪುಸ್ತಕ, ಬಿಡಿಭಾಗಗಳ ನಕ್ಷೆ, ಎರಕದ ಅಚ್ಚುಗಳ ಪಟ್ಟಿ, ನಿಖರತೆಯ ಪರೀಕ್ಷಾಪತ್ರ, ಬಳಕೆದಾರರ ಕೈಪಿಡಿ ಇವೆಲ್ಲವೂ ನಿರ್ಮಾಪಕ ದಾಖಲೆಗಳೆನಿಸುತ್ತವೆ. ಬರೆದವರಿಗೆ ಇವು ವ್ಯಾಪಾರದ ಕಾಗದಗಳಾಗಿದ್ದವೇ ಹೊರತು ಚರಿತ್ರೆಯ ಸಾಮಗ್ರಿಯಾಗಿರಲಿಲ್ಲ. ಇವುಗಳಲ್ಲಿ ಬಹುಪಾಲು ನಷ್ಟವಾದುದಕ್ಕೆ ಮೊದಲನೆಯ ಕಾರಣವೂ ಇದೇ ಆಗಿದೆ.

ಒಳ್ಳೆಯ ಎರಕದ ಬೆಡ್ಡನ್ನು ಪಡೆದ ಲೇತು ಎಣ್ಣೆ ಕಾಣುತ್ತಿರುವ ತನಕ ಅರವತ್ತು, ಎಂಬತ್ತು ವರ್ಷಗಳನ್ನು ನಿರಾಯಾಸವಾಗಿ ಕಳೆಯಬಲ್ಲುದು. ಅದನ್ನು ಹುಟ್ಟಿಸಿದ ಕಂಪನಿಗೆ ಅಷ್ಟು ಆಯುಸ್ಸಿರುವುದು ಅಪರೂಪ. ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದೇವಿಕೊಪ್ಪ, ಎರೆಯ ಬಯಲು ಮುಗಿದು ಮಲೆನಾಡಿನ ಸೆರಗು ತೊಡಗುವ ಸೀಮೆಯ ಹಳ್ಳಿ. ಅಂತಹ ಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಶಾಫ್ಟು ಸವೆದರೆ, ನೀರೆತ್ತುವ ಪಂಪಿನ ಬುಷ್ಷು ಬಿರಿದರೆ, ಟ್ರ್ಯಾಕ್ಟರಿನ ಪಿನ್ನು ತುಂಡಾದರೆ, ಅದನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಕಲಘಟಗಿಯ ಇಲ್ಲವೆ ಹುಬ್ಬಳ್ಳಿಯ ಲೇತ್ ಅಂಗಡಿಯ ಮೆಟ್ಟಿಲು ಹತ್ತುವುದಲ್ಲದೆ ಗತ್ಯಂತರವಿಲ್ಲ. ಅಲ್ಲಿ ದುಡಿಯುವ ಯಂತ್ರವಾದರೋ ಅನೇಕ ವೇಳೆ ತನ್ನನ್ನು ನಡೆಸುವ ಟರ್ನರನಿಗಿಂತ ವಯಸ್ಸಿನಲ್ಲಿ ಹಿರಿದಾಗಿರುತ್ತದೆ. ರೈತನ ಶಾಫ್ಟನ್ನು ಯಂತ್ರವು ರಿಪೇರಿ ಮಾಡುತ್ತದೆ, ಆದರೆ ಯಂತ್ರದ್ದೇ ಗೇರು ಮುರಿದ ದಿನ ಅದರ ಅಳತೆಯನ್ನು ಯಾರಲ್ಲಿ ಕೇಳಬೇಕೆಂಬ ಪ್ರಶ್ನೆಯಿಂದಲೇ ಈ ವಿಷಯದ ಇತಿಹಾಸವು ಆರಂಭವಾಗುತ್ತದೆ ಎನ್ನಬಹುದು. ಇದಕ್ಕೆ ಪ್ರತಿಯಾಗಿ ಕಲಘಟಗಿಯ ಪ್ರಸಿದ್ಧ ಬಣ್ಣದ ತೊಟ್ಟಿಲನ್ನು ನೋಡಬಹುದು. ಅದಕ್ಕೆ ನಕ್ಷೆಯಿಲ್ಲ, ಕ್ರಮಸಂಖ್ಯೆಯೂ ಇಲ್ಲ, ಏಕೆಂದರೆ ಅದರ ಅಳತೆಗಳು ಚಿತ್ರಗಾರ ಮನೆತನದ ಕೈಯಲ್ಲಿಯೇ ನೆಲೆಸಿವೆ. ನೂರಾರು ಜನರು ಹಂಚಿಕೊಂಡು ಮಾಡಿದ, ಒಬ್ಬನ ಕೈಗೂ ಪೂರ್ತಿ ದಕ್ಕದ ಯಂತ್ರಕ್ಕೆ ಈ ಭಾಗ್ಯವಿಲ್ಲವಾದ್ದರಿಂದ ಅದರ ನೆನಪು ಕಾಗದವನ್ನು ಆಶ್ರಯಿಸಬೇಕಾಯಿತು.

ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೆಯು 1800ರ ಆಸುಪಾಸಿನಲ್ಲಿ ತಿರುಪಿನ ಮರೆಸುತ್ತು ಕೊರೆಯುವ ಲೇತನ್ನು ಪರಿಪೂರ್ಣಗೊಳಿಸಿದ ಕಾಲದಲ್ಲಿ ಯಂತ್ರವೊಂದನ್ನು ಕುರಿತ ಜ್ಞಾನವೆಲ್ಲವೂ ಒಡೆಯನ ಹಾಗೂ ಅವನ ಶಿಷ್ಯರ ಕಣ್ಣಳತೆಯಲ್ಲಿಯೇ ಅಡಗಿತ್ತು. ಒಂದು ಯಂತ್ರದ ಭಾಗವು ಮತ್ತೊಂದಕ್ಕೆ ಹೊಂದಬೇಕೆಂಬ ನಿಯಮವು ಬಂದೂಕು ಕಾರ್ಖಾನೆಗಳಿಂದ ಹೊರಟು ಇತರ ಉದ್ಯಮಗಳಿಗೆ ಹಬ್ಬಿದ ಮೇಲೆ ನಕ್ಷೆಗೂ ಸಂಖ್ಯೆಗೂ ಅಧಿಕಾರ ಬಂದಿತು. ಅಮೆರಿಕದ ಸೌತ್ ಬೆಂಡ್ ಕಂಪನಿಯು (1906) ಲೇತಿನ ಬೆಡ್ಡಿನ ಬಲತುದಿಯಲ್ಲಿ ಸಂಖ್ಯೆಯನ್ನು ಒತ್ತಿ, ಪ್ರತಿಯೊಂದಕ್ಕೂ ಒಂದು ಕಾರ್ಡನ್ನು ಬರೆದಿರಿಸುತ್ತಿತ್ತು. ದಶಕಗಳು ಕಳೆದ ಮೇಲೂ ಮಾಲಿಕರು ಸಂಖ್ಯೆಯನ್ನು ಬರೆದು ಕಳುಹಿಸಿ, ತಮ್ಮ ಲೇತು ಮೊದಲು ಯಾರಿಗೆ, ಯಾವ ಸಾಮಗ್ರಿಯೊಡನೆ ಹೋಗಿತ್ತೆಂಬುದನ್ನು ತಿಳಿದುಕೊಳ್ಳುತ್ತಿದ್ದರು. ಬರ್ಲಿನ್ನಿನ ಪ್ರಾಧ್ಯಾಪಕ ಗೇಯೋರ್ಗ್ ಶ್ಲೆಸಿಂಗರ್ 1927ರಲ್ಲಿ ಯಂತ್ರೋಪಕರಣಗಳ ಪರೀಕ್ಷಾ ಪದ್ಧತಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಸ್ಪಿಂಡಲು ಎಷ್ಟು ಓಲಾಡಬಹುದು, ಬೆಡ್ಡು ಎಷ್ಟು ಬಾಗಿರಬಹುದು ಎಂಬುದಕ್ಕೆ ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಮಿತಿಯನ್ನು ವಿಧಿಸಿದ ಈ ಪದ್ಧತಿಯಿಂದ ಪರೀಕ್ಷಾಪತ್ರವೆಂಬ ಹೊಸ ದಾಖಲೆ ರೂಢಿಗೆ ಬಂದಿತು. ಯಂತ್ರದ ಜಾತಕವೆಂದು ಅದನ್ನು ಕರೆದರೆ ತಪ್ಪಾಗದು. ಜಾತಕದಲ್ಲಿ ಭವಿಷ್ಯವಿರುತ್ತದೆಂಬ ನಂಬಿಕೆಯುಂಟು, ಇದರಲ್ಲಿರುವುದು ಹುಟ್ಟಿದ ದಿನದ ಆರೋಗ್ಯ ಮಾತ್ರ.

ಉದ್ಯಮಗಳ ಕಾಗದಪತ್ರಗಳನ್ನು ಚರಿತ್ರೆಯ ಸಲುವಾಗಿಯೇ ಕಾಪಿಡುವ ಪರಿಪಾಠಕ್ಕೆ ಜರ್ಮನಿಯೇ ಮೊದಲಿಗ. ಎಸ್ಸೆನ್ ನಗರದ ಕ್ರುಪ್ ಸಂಸ್ಥೆಯು 1905ರಲ್ಲಿ ತನ್ನ ಪತ್ರಾಗಾರವನ್ನು ತೆರೆಯಿತು. ಮರುವರ್ಷ ಕೊಲೋನಿನಲ್ಲಿ ಅನೇಕ ಸಂಸ್ಥೆಗಳ ದಾಖಲೆಗಳಿಗಾಗಿ ಪ್ರಾದೇಶಿಕ ವಾಣಿಜ್ಯ ಪತ್ರಾಗಾರವು ಸ್ಥಾಪಿತವಾಯಿತು. ಬ್ರಿಟನ್ನಿನಲ್ಲಿ ಇದೇ ಉದ್ದೇಶದ ಪರಿಷತ್ತು 1934ರಲ್ಲಿ ಹುಟ್ಟಿತು. ಅಮೆರಿಕದ ವರ್ಮಾಂಟ್ ಪ್ರಾಂತದ ವಿಂಡ್ಸರಿನಲ್ಲಿ, 1846ರ ಬಂದೂಕು ಕಾರ್ಖಾನೆಯ ಕಟ್ಟಡದೊಳಗೆ, ಯಂತ್ರೋಪಕರಣಗಳಿಗೇ ಮೀಸಲಾದ ವಸ್ತುಸಂಗ್ರಹಾಲಯವು 1966ರಲ್ಲಿ ಸ್ಥಾಪನೆಯಾಯಿತು. ಭಾರತದಲ್ಲಿ ಟಾಟಾ ಸಂಸ್ಥೆಗಳ ಕೇಂದ್ರ ಪತ್ರಾಗಾರವು ತಲೆಯೆತ್ತಿದ್ದು 1991ರಲ್ಲಿ.

ಕನ್ನಡ ನಾಡಿನಲ್ಲಿ ಈ ಕಥೆಯ ಮೊದಲ ಅಧ್ಯಾಯವು ಬೆಳಗಾವಿ ಜಿಲ್ಲೆಯದು. ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯ ಅಧ್ಯಾಪಕ ವೃತ್ತಿಯನ್ನು ತೊರೆದು, ಬೆಳಗಾವಿಯ ಸೈಕಲ್ ಅಂಗಡಿಯಿಂದ ಮೊದಲ್ಗೊಂಡು ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಬಂದರು. ಕಬ್ಬಿಣವು ಭೂಮಿಗೆ ವಿಷವೆಂಬ ಭಾವನೆಯಿಂದ ಆ ನೇಗಿಲನ್ನು ಕೊಳ್ಳುವವರೇ ಕೆಲವು ಕಾಲ ದೊರೆಯಲಿಲ್ಲ. ಬೆಳಗಾವಿಯಲ್ಲಿ ಸ್ಥಳ ತಪ್ಪಿದ ಮೇಲೆ ಔಂಧದ ಅರಸರ ಆಶ್ರಯದಲ್ಲಿ, ಕುಂಡಲ ರೋಡ್ ಸ್ಟೇಶನ್ನಿನ ಬರಡು ನೆಲದ ಮೇಲೆ, 1910ರಲ್ಲಿ ಕಿರ್ಲೋಸ್ಕರವಾಡಿ ನೆಲೆಗೊಂಡಿತು. ಈ ಲೇಖನದ ದೃಷ್ಟಿಗೆ ಅಲ್ಲಿಯ ನೇಗಿಲಿಗಿಂತಲೂ ಅಲ್ಲಿಂದ ಹೊರಟ ಪತ್ರಿಕೆ ಮುಖ್ಯವಾದುದು. 1920ರಲ್ಲಿ ಶಂಕರ ವಾಸುದೇವ ಕಿರ್ಲೋಸ್ಕರರು ‘ಕಿರ್ಲೋಸ್ಕರ ಖಬರ್’ ಎಂಬ ಕಾರ್ಖಾನೆಯ ವಾರ್ತಾಪತ್ರವನ್ನು ಮರಾಠಿಯಲ್ಲಿ ಆರಂಭಿಸಿದರು. ಕಾಲಕ್ರಮೇಣ ಅದು ಮನೆಮನೆಯ ಮಾಸಪತ್ರಿಕೆಯಾಗಿ ಮಾರ್ಪಟ್ಟಿತು. ಮಾರಾಟಕ್ಕೆಂದು ಅಚ್ಚಾದ ಹಾಳೆ ನೂರಾರು ಊರುಗಳಿಗೆ ಚದುರಿ ಹೋಗುವುದರಿಂದ, ಕಪಾಟಿನಲ್ಲಿ ಭದ್ರವಾಗಿದ್ದ ಏಕೈಕ ಖಾತೆಪುಸ್ತಕ ಗೆದ್ದಲಿಗೆ ಆಹುತಿಯಾದ ಮೇಲೂ ಎಲ್ಲಿಯೋ ಒಂದು ಪ್ರತಿ ಉಳಿದುಕೊಳ್ಳುತ್ತದೆ. ಜಾಹೀರಾತು, ಬೆಲೆಪಟ್ಟಿ, ಕೈಪಿಡಿಗಳು ವಿದ್ವಾಂಸರ ಕಣ್ಣಿಗೆ ಹಗುರವಾಗಿ ಕಂಡರೂ ದಾಖಲೆಗಳಲ್ಲಿ ದೀರ್ಘಾಯುಗಳು ಅವೇ.

ಎರಡನೆಯ ಮಹಾಯುದ್ಧದ ದೆಸೆಯಿಂದ ವಿದೇಶೀ ಯಂತ್ರಗಳ ಆಮದು ದುಸ್ತರವಾಗಿದ್ದಾಗ, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿಯು ಸ್ಥಾಪಿತವಾಯಿತು. ಕಾರ್ಖಾನೆಯ ಸುತ್ತಲಿನ ವಸತಿಗೆ ಯಂತ್ರಪುರವೆಂಬ ಹೆಸರಾಯಿತು. ಅಲ್ಲಿಂದ ಹೊರಟ ಲೇತುಗಳು ಹುಬ್ಬಳ್ಳಿ, ಧಾರವಾಡಗಳ ಅಂಗಡಿಗಳಿಗೂ ಐ.ಟಿ.ಐ. ಶಾಲೆಗಳಿಗೂ ದಾರಿ ಹಿಡಿದುವು. ‘ಎಂಟರ್‌ಪ್ರೈಸ್ 1330’ ಎಂಬ ಹೆಸರನ್ನು ಬಿಡಿಸಿ ಓದಿದರೆ 13 ಅಂಗುಲ ವ್ಯಾಸದ ವಸ್ತು ತಿರುಗಬಲ್ಲುದು, ಎರಡು ಸೆಂಟರುಗಳ ನಡುವಣ ಅಂತರ 30 ಅಂಗುಲ ಎಂದು ತಿಳಿಯುವುದರಿಂದ, ಕೈಪಿಡಿಯಿಲ್ಲದವನಿಗೂ ನಾಮಫಲಕವೇ ಅರ್ಧ ಕೈಪಿಡಿಯಾಗುತ್ತದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಈ ಕಾರ್ಖಾನೆ ಮುಚ್ಚಿಹೋಯಿತು. ಕಂಪನಿಗಳ ಕಾನೂನು ಲೆಕ್ಕಪುಸ್ತಕಗಳನ್ನು ಎಂಟು ವರ್ಷಗಳ ಮಟ್ಟಿಗೆ ಇರಿಸಿಕೊಳ್ಳಬೇಕೆಂದು ವಿಧಿಸುತ್ತದೆ, ಆದರೆ ಆ ವಿಧಿಯಲ್ಲಿ ಗೇರಿನ ನಕ್ಷೆಗಾಗಲಿ ಕ್ರಮಸಂಖ್ಯೆಯ ಖಾತೆಗಾಗಲಿ ಸ್ಥಾನವಿಲ್ಲ. ಒಂದು ರೂಪಾಯಿ ಎಲ್ಲಿ ಹೋಯಿತೆಂಬುದನ್ನು ಬಲ್ಲ ಕಾನೂನು ಒಂದು ಲೇತು ಎಲ್ಲಿ ಹೋಯಿತೆಂಬುದನ್ನು ಕೇಳುವುದಿಲ್ಲ. ಯಾವುದೇ ಕಾರ್ಖಾನೆ ಮುಚ್ಚಿದಾಗಲೂ ಹರಾಜಿನಲ್ಲಿ ಕಬ್ಬಿಣಕ್ಕೆ ಬೆಲೆ ಕಟ್ಟುವವರಿರುತ್ತಾರೆ, ನೆಲಕ್ಕೆ ಕಟ್ಟುವವರು ಇನ್ನೂ ಹೆಚ್ಚಾಗಿರುತ್ತಾರೆ. ನಕ್ಷೆಗಳ ಕಟ್ಟು ರದ್ದಿಯ ತಕ್ಕಡಿಗೆ ಬೀಳುತ್ತದೆ.

ಬೆಂಗಳೂರಿನ ಹಿಂದುಸ್ತಾನ್ ಮಷಿನ್ ಟೂಲ್ಸ್ (ಎಚ್.ಎಂ.ಟಿ.) ಸಂಸ್ಥೆಯ ಗತಿ ಇದಕ್ಕಿಂತ ಭಿನ್ನವಾದುದು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ 1953ರಲ್ಲಿ ಸ್ಥಾಪಿತವಾಗಿ, ಜಾಲಹಳ್ಳಿಯಲ್ಲಿ ಲೇತುಗಳನ್ನು ತಯಾರಿಸತೊಡಗಿದ ಈ ಸರ್ಕಾರಿ ಉದ್ಯಮವು ಮುಂದೆ ಪಿಂಜೋರ್, ಕಳಮಶ್ಶೇರಿ, ಹೈದರಾಬಾದುಗಳವರೆಗೆ ಶಾಖೆಗಳನ್ನು ಚಾಚಿತು. ಇದರ ಎಚ್22, ಎಲ್‌ಬಿ17 ಎಂಬ ಹೆಸರುಗಳಲ್ಲಿನ ಅಂಕಿಗಳು ಬೆಡ್ಡಿನಿಂದ ಸೆಂಟರಿನ ಎತ್ತರವನ್ನು ಸೆಂಟಿಮೀಟರುಗಳಲ್ಲಿ ಸೂಚಿಸುತ್ತವೆ. ಹರಿಹರದ್ದು ಅಂಗುಲದ ಭಾಷೆ, ಜಾಲಹಳ್ಳಿಯದು ಮೀಟರಿನ ಭಾಷೆ. ಅಳತೆಯ ಪದ್ಧತಿ ಬದಲಾಗುತ್ತಿದ್ದ ದೇಶದ ಚರಿತ್ರೆಯು ಎರಡು ನಾಮಫಲಕಗಳ ನಡುವೆ ಹೀಗೆ ಕಾಣಸಿಗುತ್ತದೆ. ಕೇಂದ್ರದ ಸಾರ್ವಜನಿಕ ಉದ್ಯಮವಾದ ಕಾರಣ ಇದರ ಕಾಗದಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಅನ್ವಯಿಸುತ್ತದೆ. 2019ರಲ್ಲಿ ಜಾಲಹಳ್ಳಿಯ ಹಳೆಯ ಬಂಗಲೆಯೊಂದರಲ್ಲಿ ಎಚ್.ಎಂ.ಟಿ. ಪರಂಪರಾ ಕೇಂದ್ರವೂ ಸಂಗ್ರಹಾಲಯವೂ ತೆರೆದವು. ಅಲ್ಲಿಗೆ ಬರುವ ಜನರನ್ನು ಸೆಳೆಯುವುದು ಈ ಸಂಸ್ಥೆಯೇ ತಯಾರಿಸುತ್ತಿದ್ದ ಕೈಗಡಿಯಾರವೇ ಸರಿ. ತಂದೆಯ ಕೈಯಲ್ಲಿದ್ದ ಗಡಿಯಾರಕ್ಕೆ ಕಣ್ಣೀರು ಬರುವುದು ಸಹಜ, ಆ ಗಡಿಯಾರದ ಚಕ್ರಗಳನ್ನು ಕಡೆದ ಯಂತ್ರಕ್ಕೆ ಕಣ್ಣೀರಿಡುವವರು ವಿರಳ. ಬೆಂಗಳೂರಿನಲ್ಲಿಯೇ 1962ರಲ್ಲಿ ಚೆಕೊಸ್ಲೊವಾಕಿಯದ ನೆರವಿನಿಂದ ಆರಂಭವಾದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆಯು 1982ರಲ್ಲಿ ಪ್ರಕಟಿಸಿದ ವಿನ್ಯಾಸ ಕೈಪಿಡಿಯು, ಯಾವೊಂದು ಕಂಪನಿಗೂ ಸೇರದಿದ್ದರೂ, ಕಳೆದುಹೋದ ನಕ್ಷೆಗಳನ್ನು ಮರಳಿ ಬರೆಯುವವರಿಗೆ ಊರುಗೋಲಾಗಿದೆ.

ಹುಬ್ಬಳ್ಳಿಗೆ ಯಂತ್ರೋಪಕರಣಗಳು ಕಾಲಿರಿಸಿದ್ದು ಹರಿಹರ, ಜಾಲಹಳ್ಳಿಗಳ ಕಾರ್ಖಾನೆಗಳಿಗಿಂತ ಎಷ್ಟೋ ಮೊದಲು. 1882ರಲ್ಲಿ ರೂಪುಗೊಂಡ ದಕ್ಷಿಣ ಮರಾಠಾ ರೈಲ್ವೆ ಕಂಪನಿಯು ಇಲ್ಲಿ ತೆರೆದ ಕಾರ್ಯಾಗಾರವು ಈ ಭಾಗದ ಎಷ್ಟೋ ತಲೆಮಾರುಗಳ ಫಿಟ್ಟರು, ಟರ್ನರುಗಳಿಗೆ ಪಾಠಶಾಲೆಯಾಯಿತು. 2020ರ ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯವು ತೆರೆಯಿತು. ಇಂತಹ ಕಾರ್ಯಾಗಾರಗಳ ಕಾಲದ ಬ್ರಿಟಿಷ್ ಯಂತ್ರಗಳ ಮೂಲವನ್ನು ಅರಸುವವರಿಗಾದರೋ ದಾರಿ ಸುಗಮವಲ್ಲ. ಕಲ್ಕತ್ತೆಯಲ್ಲಿ ತನ್ನ ಶಾಖೆಯನ್ನಿರಿಸಿದ್ದ, ಒಂದು ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ಯಂತ್ರೋಪಕರಣ ನಿರ್ಮಾಪಕರ ಸಾಲಿನಲ್ಲಿದ್ದ ಕವೆಂಟ್ರಿಯ ಆಲ್ಫ್ರೆಡ್ ಹರ್ಬರ್ಟ್ ಕಂಪನಿಯೇ 1980ರ ದಶಕದಲ್ಲಿ ಕಣ್ಮರೆಯಾಯಿತು.

ದಾಖಲೆಗಳು ಇಲ್ಲವಾದಲ್ಲಿ ಯಂತ್ರವನ್ನೇ ದಾಖಲೆಯೆಂದು ಓದಬೇಕಾಗುತ್ತದೆ. ಈ ಓದಿಗೆ ಮೊದಲು ಬೇಕಾದುದು ಸೀಮೆಎಣ್ಣೆ ಹಾಗೂ ಅರಿವೆಯ ಚೂರು. ಬೆಡ್ಡಿನ ತುದಿಯ ಜಿಡ್ಡನ್ನು ಒರೆಸಿದರೆ ಒತ್ತಿದ ಸಂಖ್ಯೆ ಮೇಲೇಳುತ್ತದೆ. ಎರಕದ ಒಳಮೈಯಲ್ಲಿ ಉಬ್ಬಿನಿಂತ ಅಂಕಿಗಳು ಅಚ್ಚಿನ ಸಂಖ್ಯೆಗಳೇ ಹೊರತು ಯಂತ್ರದ ಸಂಖ್ಯೆಯಲ್ಲ. ಇವೆರಡನ್ನು ಒಂದೆಂದು ತಿಳಿದು ವಯಸ್ಸನ್ನು ತಪ್ಪಾಗಿ ಎಣಿಸಿದವರು ಅನೇಕರಿದ್ದಾರೆ. ಬಣ್ಣದ ಪದರಗಳು ಎಷ್ಟು ಸಾರಿ ಯಂತ್ರವು ಕೈಬದಲಾಯಿಸಿತೆಂಬುದನ್ನು ಸೂಚಿಸಬಲ್ಲವು, ಆದರೆ ಮಾರಾಟಕ್ಕೆ ಮುನ್ನ ಬಣ್ಣ ಬಳಿಯುವ ವ್ಯಾಪಾರಿಯ ಅಭ್ಯಾಸವನ್ನು ಬಲ್ಲವರು ಈ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ ಕೊಡಲಾರರು.

ಅಳತೆಗಳ ಪುನಃಪ್ರಾಪ್ತಿಗೆ ಒಂದು ಉದಾಹರಣೆಯನ್ನು ಇಲ್ಲಿ ವಿವರಿಸುವುದು ಯುಕ್ತ. ಹಳೆಯ ಲೇತಿನ ಲೀಡ್ ಸ್ಕ್ರೂವಿನಲ್ಲಿ ಅಂಗುಲಕ್ಕೆ ನಾಲ್ಕು ಸುತ್ತುಗಳಿವೆಯೆಂದೂ, ಮರೆಸುತ್ತುಗಳ ಗೇರುಪಟ್ಟಿಯ ಹಿತ್ತಾಳೆ ತಗಡು ಎಂದೋ ಕಿತ್ತು ಮೋಡಕಾ ಅಂಗಡಿ ಸೇರಿದೆಯೆಂದೂ ಇಟ್ಟುಕೊಳ್ಳೋಣ. ನಾಲ್ಕು ಸುತ್ತಿಗೆ ಒಂದಂಗುಲವೆಂದರೆ ಒಂದು ಸುತ್ತಿಗೆ 6.35 ಮಿಲಿಮೀಟರು. ಈ ಲೇತಿನಲ್ಲಿ 2 ಮಿಲಿಮೀಟರಿನ ಮರೆಸುತ್ತನ್ನು ಕಡೆಯಬೇಕಾದರೆ 2ನ್ನು 6.35ರಿಂದ ಭಾಗಿಸಬೇಕು; ಅದು 40ಕ್ಕೆ 127ರ ಪ್ರಮಾಣವಾಗುತ್ತದೆ. ಅಂಗುಲಕ್ಕೆ 25.4 ಮಿಲಿಮೀಟರುಗಳಿರುವುದರಿಂದಲೂ, ಅದರ ಐದರಷ್ಟು ಸರಿಯಾಗಿ 127 ಆಗುವುದರಿಂದಲೂ, 127 ಒಡೆಯದ ಸಂಖ್ಯೆಯಾದ್ದರಿಂದಲೂ, ಅದಕ್ಕಿಂತ ಚಿಕ್ಕ ಗೇರುಗಳಿಂದ ಇದನ್ನು ಚೊಕ್ಕವಾಗಿ ಸಾಧಿಸುವ ಮಾರ್ಗವಿಲ್ಲ. ಆದುದರಿಂದ ಹಳೆಯ ಯಂತ್ರದೊಡನೆ ಬಂದ ಗೇರುಗಳ ರಾಶಿಯಲ್ಲಿ 127 ಹಲ್ಲಿನದೊಂದು ಕಂಡರೆ, ಆ ಲೇತು ಅಂಗುಲ, ಮಿಲಿಮೀಟರು ಎರಡೂ ಪದ್ಧತಿಗಳ ಕೆಲಸವನ್ನು ನಿರೀಕ್ಷಿಸಿತ್ತೆಂದು, ಒಂದು ಅಕ್ಷರವನ್ನೂ ಓದದೆ ಹೇಳಬಹುದು. ಭಾರತದಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು 1956ರಲ್ಲಿ ಬಂದಿತಾದರೂ, ಅಂಗಡಿಗಳಲ್ಲಿ ಅಂಗುಲದ ಆಳ್ವಿಕೆ ಅದರ ತರುವಾಯವೂ ಬಹುಕಾಲ ನಡೆದಿದೆ. ‘ಸೂತ್’ ಎಂಬ ಅಂಗುಲದ ಎಂಟನೆಯ ಭಾಗ ಇಂದಿಗೂ ಮಿಸ್ತ್ರಿಗಳ ಬಾಯಲ್ಲಿದೆ.

ಉಳಿದ ಕಾಗದಗಳ ಸಂರಕ್ಷಣೆಯು ಅವುಗಳ ದ್ರವ್ಯವನ್ನು ಅವಲಂಬಿಸಿದೆ. ಮೂಲನಕ್ಷೆಗಳನ್ನು ಗಂಜಿ ಹಾಕಿ ಮೆರುಗು ಕೊಟ್ಟ ತೆಳುಬಟ್ಟೆಯ ಮೇಲೆ ಬರೆಯುವ ರೂಢಿಯಿತ್ತು. ನೀರು ತಾಕಿದರೆ ಗಂಜಿ ಕರಗಿ ಗೆರೆಗಳು ಅಳಿಸುತ್ತವೆ. ಬ್ರಿಟನ್ನಿನಲ್ಲಿ ಇಂತಹ ಬಟ್ಟೆಯನ್ನು ಕುದಿಸಿ ಕರವಸ್ತ್ರಗಳನ್ನು ಹೊಲಿದುಕೊಂಡದ್ದುಂಟು, ಎಷ್ಟು ಯಂತ್ರಗಳು ಹೀಗೆ ಮೂಗೊರೆಸುವುದಕ್ಕೆ ವಿನಿಯೋಗವಾದವೋ! ಪಶ್ಚಿಮದ ಮಳೆಗಾಳಿ ನಾಲ್ಕು ತಿಂಗಳು ಬಿಡದೆ ಬೀಸುವ ಕಲಘಟಗಿಯಂತಹ ಸೀಮೆಯಲ್ಲಿ ತೇವವೂ ಗೆದ್ದಲೂ ಜೊತೆಗೂಡುವುದರಿಂದ ನಕ್ಷೆಯ ಸುರುಳಿಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಇಡಬೇಕಾಗುತ್ತದೆ. ಕಬ್ಬಿಣವನ್ನು ತುಕ್ಕಿನಿಂದ ಕಾಯುವ ಎಣ್ಣೆಯೇ ಕಾಗದಕ್ಕೆ ಶತ್ರು, ಆದಕಾರಣ ಯಂತ್ರದ ಮಗ್ಗುಲಲ್ಲಿ ತೂಗುಹಾಕಿದ ಕೈಪಿಡಿಯ ಮೊದಲ ಪುಟಗಳು ಪಾರದರ್ಶಕವಾಗಿ ಹೋಗಿರುತ್ತವೆ. ಅಮೋನಿಯಾದಿಂದ ತೆಗೆದ ಪ್ರತಿಗಳು ಹಳದಿಗಟ್ಟಿ ಮಾಸುವುದಲ್ಲದೆ ಪಕ್ಕದ ಕಾಗದಗಳನ್ನೂ ಕೆಡಿಸುವುದರಿಂದ ಅವನ್ನು ಪ್ರತ್ಯೇಕವಾಗಿಡುವುದು ವಿಹಿತ. ಜಾನ್ ಹರ್ಷೆಲನು 1842ರಲ್ಲಿ ಕಂಡುಹಿಡಿದ ವಿಧಾನದ ನೀಲಿನಕ್ಷೆಯು ಕ್ಷಾರವನ್ನು ಸಹಿಸದು. ಹಳೆಯ ಕಾಗದಗಳಿಗೆಲ್ಲ ಹಿತವೆಂದು ಗ್ರಂಥಾಲಯಗಳು ಬಳಸುವ ಕ್ಷಾರಯುಕ್ತ ಹೊದಿಕೆಯೇ ಇದಕ್ಕೆ ಅಪಾಯಕಾರಿ. ಬಿಸಿಲಿಗೆ ಒಡ್ಡಿದ ನೀಲಿನಕ್ಷೆ ಬಿಳಚಿಕೊಳ್ಳುತ್ತದೆಯಾದರೂ, ಕೆಟ್ಟಿತೆಂದು ಅದನ್ನು ಒಡನೆಯೇ ಎಸೆಯಲಾಗದು. ಗಾಳಿಯಾಡುವ ಕತ್ತಲೆಯ ಕೋಣೆಯಲ್ಲಿ ಕೆಲವು ಕಾಲ ಇರಿಸಿದರೆ ಕಳೆದ ನೀಲಿಯ ಒಂದಂಶ ತಾನಾಗಿಯೇ ಹಿಂದಿರುಗುತ್ತದೆ, ಪ್ರತಿ ತೆಗೆಯುವುದಕ್ಕೆ ಅಷ್ಟು ಸಾಕು.