ದನದ ಡಾಕ್ಟರ ಗುರುಪರಂಪರೆ

ಹಸು ಮೇವು ಬಿಟ್ಟು ಮಲಗಿತು ಅಂದ ಕೂಡಲೇ ನಾವು ದನದ ಡಾಕ್ಟರನ್ನು ಹುಡುಕಿಕೊಂಡು ಓಡುತ್ತೇವೆ. ಆದರೆ ಅವರಿಗೆ ಈ ವಿದ್ಯೆ ಯಾರು ಕಲಿಸಿದರು, ಕಲಿಸಿದವರಿಗೆ ಯಾರು ಕಲಿಸಿದರು ಎಂದು ಯೋಚಿಸುವುದು ಕಡಿಮೆ. ನಮ್ಮ ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಆ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬಯಸುತ್ತೇವೆ.

ನಮ್ಮ ಹಿರಿಯರು 'ದೊಡ್ಡರೋಗ' ಎನ್ನುತ್ತಿದ್ದ ಮಾರಿ 18ನೇ ಶತಮಾನದಲ್ಲಿ ಯೂರೋಪಿನ ಕೊಟ್ಟಿಗೆಗಳನ್ನೂ ಬರಿದು ಮಾಡಿತ್ತು. ಅಲ್ಲಿಯೂ ಆಗ ಬಹುಮಟ್ಟಿಗೆ ಲಾಳ ಕಟ್ಟುವವರೇ ವೈದ್ಯರು. ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ಕುದುರೆ ಸವಾರಿ ಶಾಲೆ ನಡೆಸುತ್ತಿದ್ದ ಕ್ಲೋಡ್ ಬೂರ್ಜೆಲಾ ಎಂಬವರು 1761ರಲ್ಲಿ ಸರ್ಕಾರದ ಅಪ್ಪಣೆ ಪಡೆದು, 1762ರಲ್ಲಿ ಪಶುವೈದ್ಯ ಶಾಲೆ ತೆರೆದರು. ಈಗಿನ ರೀತಿಯ ಪಶುವೈದ್ಯ ಶಾಲೆಗಳಲ್ಲಿ ಅದೇ ಮೊದಲನೆಯದು.

ಅಲ್ಲಿಗೆ ಪರದೇಶದ ಹುಡುಗರೂ ಬಂದರು. ಸ್ವೀಡನ್ನಿನ ಹೆಸರಾಂತ ವಿಜ್ಞಾನಿ ಲಿನೇಯಸ್ ಅವರ ಶಿಷ್ಯ ಹೆರ್ನ್‌ಕ್ವಿಸ್ಟ್, ಡೆನ್ಮಾರ್ಕಿನ ಆಬಿಲ್‌ಗಾರ್ಡ್ ಇಬ್ಬರೂ 1763ರಲ್ಲಿ ಬಂದು ಸೇರಿದರು. ಊರಿಗೆ ಮರಳಿದ ಮೇಲೆ ಆಬಿಲ್‌ಗಾರ್ಡ್ 1773ರಲ್ಲಿ ಕೋಪನ್‌ಹೇಗನ್ನಿನಲ್ಲಿ, ಹೆರ್ನ್‌ಕ್ವಿಸ್ಟ್ 1775ರಲ್ಲಿ ಸ್ಕಾರಾದಲ್ಲಿ ತಾವೇ ಶಾಲೆ ಶುರುಮಾಡಿದರು. 1801ರಲ್ಲಿ ಆಬಿಲ್‌ಗಾರ್ಡ್ ತೀರಿಕೊಂಡಾಗ ಶಾಲೆ ಮುಚ್ಚಲಿಲ್ಲ. ಅವರ ಶಿಷ್ಯ ವೀಬೋರ್ಗ್ ಮುಂದುವರಿಸಿದರು.

ಈ ಬಳ್ಳಿ ನಮ್ಮ ದೇಶಕ್ಕೂ ಹಬ್ಬಿತು. ಮನುಷ್ಯರ ವೈದ್ಯ ಕಲಿಯುತ್ತಿದ್ದ ಇಂಗ್ಲೆಂಡಿನ ಮೂರ್‌ಕ್ರಾಫ್ಟ್ ಅದನ್ನು ಬಿಟ್ಟು ಲಿಯಾನಿಗೆ ಹೋಗಿ ಕಲಿತರು. 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕುದುರೆ ತಳಿ ಕೇಂದ್ರ ನೋಡಿಕೊಳ್ಳಲು ಬಿಹಾರದ ಪೂಸಾಕ್ಕೆ ಬಂದರು. ನಮ್ಮ ನಾಡಿನಲ್ಲಿ 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಆಯಿತು.

ದೊಡ್ಡರೋಗ ಭೂಮಿ ಮೇಲಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು. ಲಿಯಾನ್ ಶಾಲೆಗೆ ಅಪ್ಪಣೆ ಸಿಕ್ಕಿ ಆಗ ಸರಿಯಾಗಿ 250 ವರ್ಷ! ಒಬ್ಬರ ಆಯಸ್ಸಿನಲ್ಲಿ ಮುಗಿಯೋ ಕೆಲಸ ಅದಲ್ಲ. ಗುರುವಿನಿಂದ ಶಿಷ್ಯನಿಗೆ ಕೈ ಬದಲಾಗುತ್ತಾ ಬಂದದ್ದರಿಂದಲೇ ಮುಗಿಯಿತು.

ಇದರಲ್ಲಿ ರೈತರ ಪಾಲೂ ಇದೆ. ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದಾಗ ಕೈ ಹೇಗೆ ಹಾಕಬೇಕು ಅನ್ನೋದು ಬರೀ ಪುಸ್ತಕದಿಂದ ಬರೋದಿಲ್ಲ. ಹಿರಿಯರು ಪಕ್ಕದಲ್ಲಿ ನಿಂತು ತೋರಿಸಬೇಕು, ಅದಕ್ಕೆ ಯಾರದಾದರೂ ಕೊಟ್ಟಿಗೆ ಬೇಕು. ಹಳೇ ಡಾಕ್ಟರ ಜೊತೆ ಹೊಸಬರು ಬಂದರೆ, "ಈ ಹುಡುಗ ಬೇಡ, ನೀವೇ ನೋಡಿ ಸ್ವಾಮಿ" ಎಂದು ನಾವೂ ಅಂದದ್ದುಂಟು. ಹಾಗೆ ಅನ್ನಬಾರದಿತ್ತು. ಆ ಹುಡುಗ ಇಂದು ನಮ್ಮ ಹಸುವಿನ ಮೇಲೆ ಕೈ ಇಟ್ಟು ಕಲಿತರೆ, ನಾಳೆ ನಮ್ಮ ಮಕ್ಕಳ ಹಸು ಉಳಿದೀತು.