ಮೊಳೆಯಿಲ್ಲದ ದೋಣಿ

ಮಲೆಯಾಳದ ಹಳೆಯ ದೋಣಿಯೊಂದಕ್ಕೆ ‘ಕೆಟ್ಟುವಳ್ಳಂ’ ಎಂದು ಹೆಸರು. ಕನ್ನಡಿಗರ ಕಿವಿಗೆ ಅದು ಕೆಟ್ಟುಹೋದ ದೋಣಿಯೆಂಬಂತೆ ಕೇಳಿಸೀತು! ಆದರೆ ಅವರ ‘ಕೆಟ್ಟು’ ನಮ್ಮ ‘ಕಟ್ಟು’ವೇ, ವಳ್ಳವೆಂದರೆ ದೋಣಿ. ಹೆಬ್ಬಲಸಿನ ಹಲಗೆಗಳ ಅಂಚಿಗೆ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದು ಹೊಲಿದು ಕಟ್ಟಿದ ದೋಣಿ ಅದು. ಸಂದಿಗೆ ನಾರು ತುರುಕುತ್ತಾರೆ. ಮೇಲೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಬಳಿಯುತ್ತಾರೆ. ಹಲಗೆ ಕೂಡಿಸಲು ಮೊಳೆಯ ಮಾತೇ ಇಲ್ಲ.

ಈ ಹೊಲಿಗೆಯ ವಿಷಯದಲ್ಲಿ ಹಿಂದಿನ ಪ್ರವಾಸಿಗಳಿಗೆ ಒಮ್ಮತವಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಹೊರ್ಮುಜಿನಲ್ಲಿ ಇಂಥ ಹಡಗುಗಳನ್ನು ಕಂಡ ವೆನಿಸಿನ ಮಾರ್ಕೊ ಪೋಲೊ ಮೂಗು ಮುರಿದ. ಕಬ್ಬಿಣವಿಲ್ಲದ ಆ ಹಡಗುಗಳಲ್ಲಿ ಎಷ್ಟೋ ಸಮುದ್ರದ ಪಾಲಾಗುತ್ತವೆ ಎಂದ. ಮುಂದಿನ ಶತಮಾನದಲ್ಲಿ ನಮ್ಮ ಹೊನ್ನಾವರವನ್ನೂ ನೋಡಿ, ಕಲ್ಲಿಕೋಟೆಯಿಂದ ಕೊಲ್ಲಂವರೆಗೆ ಹತ್ತು ದಿನದ ಹಾದಿಯನ್ನು ಜಲಮಾರ್ಗವಾಗಿ ಸಾಗಿದ ಇಬ್ನ್ ಬತೂತ ಹೇಳಿದ್ದೇ ಬೇರೆ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಗ್ರಂಥವಂತೂ ಸಮುದ್ರದ ಹಡಗಿನ ತಳಕ್ಕೆ ಕಬ್ಬಿಣವೇ ಕೂಡದು, ಸೂಜಿಗಲ್ಲಿನ ಬಂಡೆಗಳು ಅದನ್ನು ಸೆಳೆದುಕೊಳ್ಳುತ್ತವೆ ಎಂದು ಎಚ್ಚರಿಸುತ್ತದೆ. ಕಾರಣ ಕಟ್ಟುಕಥೆಯಾದರೂ ರೂಢಿ ನಿಜವಾದದ್ದು.

ನನ್ನ ಒಲವು ಇಬ್ನ್ ಬತೂತನ ಕಡೆಗೆ. ಕುಟ್ಟನಾಡಿನಲ್ಲಿ, ಪಂಪಾನದಿಯ ಕೆಳಹರಿವಿನಲ್ಲಿ, ಇಂಥದೊಂದು ದೋಣಿಯಲ್ಲಿ ನಾನು ಒಂದು ಹಗಲು ಕಳೆದಿದ್ದೇನೆ. ಅಂಬಿಗನು ಬಿದಿರಿನ ಗಳವನ್ನು ನೀರಿಗೆ ಊರಿ, ಅಂಚಿನುದ್ದಕ್ಕೂ ನಡೆದು ದೋಣಿಯನ್ನು ನೂಕುತ್ತಿದ್ದ. ಏರಿಯ ಆಚೆ, ನದಿಯ ಮಟ್ಟಕ್ಕಿಂತ ಕೆಳಗೆ, ಬತ್ತದ ಗದ್ದೆಗಳು. ಅಲೆ ಬಂದಾಗ ಹಲಗೆಗಳು ಅದನ್ನು ಎದುರಿಸುತ್ತಿರಲಿಲ್ಲ. ತುಸು ಮಣಿದು ದಾರಿ ಬಿಡುತ್ತಿದ್ದವು. ಹೊಲಿಗೆ ಸವೆದರೆ ಬಿಚ್ಚಿ ಮತ್ತೆ ಹೊಲಿಯಬಹುದು; ಮರ ಉಳಿಯುತ್ತದೆ.

ಹಿಂದೆ ಅಕ್ಕಿ, ಸಂಬಾರ ಪದಾರ್ಥಗಳನ್ನು ಹೊತ್ತ ಈ ದೋಣಿಗಳ ಕೆಲಸವನ್ನು ರಸ್ತೆ, ಲಾರಿಗಳು ಕಸಿದುಕೊಂಡವು. 1990ರ ದಶಕದಿಂದೀಚೆಗೆ ಪ್ರವಾಸಿಗರ ತೇಲುಮನೆಗಳಾಗಿ ಅವು ಮರುಹುಟ್ಟು ಪಡೆದವು. ಎಂಜಿನ್ನಿನ ಗಡಗಡ ನನಗೆ ಹಿಡಿಸದು. ಆದರೂ ಕಸುಬಿಗೆ ಒಂದಿಷ್ಟು ಅನ್ನ ದೊರಕಿತೆಂಬುದನ್ನು ಅಲ್ಲಗಳೆಯಲಾರೆ.

ಆ ಕಸುಬಿನ ಬೆಲೆ ಗೊತ್ತಾದದ್ದು ನಮ್ಮ ಕಾರವಾರದಲ್ಲಿ. ಅಜಂತೆಯ ಚಿತ್ರವೊಂದರಲ್ಲಿರುವ ಹಡಗನ್ನು ಅನುಸರಿಸಿ ಗೋವೆಯಲ್ಲಿ ಹೊಲಿದು ಕಟ್ಟಿದ ‘ಕೌಂಡಿನ್ಯ’ ನೌಕೆಯನ್ನು 2025ರ ಮೇ 21ರಂದು ನೌಕಾಪಡೆ ಅಲ್ಲಿ ಸೇರಿಸಿಕೊಂಡಿತು. ಹೊಲಿದವರು ಕೇರಳದ ಕುಶಲಕರ್ಮಿಗಳು. ಹಳೆಯ ಹಡಗಿನ ನಕ್ಷೆ ಒಂದೂ ಉಳಿದಿರಲಿಲ್ಲ. ಹೊಲಿಯುವ ಕೈ ಉಳಿದಿತ್ತು. ಗೋಡೆಯ ಚಿತ್ರ ನೀರಿಗಿಳಿಯಲು ಅದಿಲ್ಲದೆ ಆಗುತ್ತಿರಲಿಲ್ಲ.