ಕಡಲ ಗಾಳಿಗೆ ಕರಗುವ ಕಾರ್ಟೆನ್ ಉಕ್ಕು

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟಕ್ಕೂ ಅರಬ್ಬಿ ಸಮುದ್ರಕ್ಕೂ ಸುಮಾರು 200 ಕಿ.ಮೀ. ಅಂತರ, ನಡುವೆ ಪಶ್ಚಿಮ ಘಟ್ಟ. ಇಲ್ಲಿನ ತೆಂಗಿನ ತೋಟದ ಕಬ್ಬಿಣದ ಗೇಟು ಮಳೆಗೆ ನೆನೆದರೂ ಬಿಸಿಲು ಬಂದೊಡನೆ ಒಣಗುತ್ತದೆ. ಹೀಗೆ ನೆನೆದು ಒಣಗುವ ಹವೆಯೇ 'ವೆದರಿಂಗ್ ಸ್ಟೀಲ್' ಎಂಬ ಉಕ್ಕಿಗೆ ಬೇಕಾದದ್ದು. ಕಾರವಾರ, ಮಂಗಳೂರುಗಳ ಕಡಲಂಚಿನಲ್ಲಿ ಅದು ದುರ್ಲಭ.

ಅಮೆರಿಕದ ಯು.ಎಸ್. ಸ್ಟೀಲ್ ಕಂಪನಿ 1933ರಲ್ಲಿ 'ಕಾರ್ಟೆನ್' ಹೆಸರಿನಿಂದ ಮಾರುಕಟ್ಟೆಗೆ ತಂದ ಈ ಉಕ್ಕಿನಲ್ಲಿ ತಾಮ್ರ, ಕ್ರೋಮಿಯಂ, ರಂಜಕಗಳು ಅಲ್ಪ ಪ್ರಮಾಣದಲ್ಲಿ ಬೆರೆತಿರುತ್ತವೆ. ಮೇಲೆ ಕಟ್ಟುವ ತುಕ್ಕು ಕ್ರಮೇಣ ಗಟ್ಟಿಯಾದ ಪದರವಾಗಿ ಒಳಗಿನ ಲೋಹವನ್ನು ಕಾಯುತ್ತದೆ. ಭಾರತೀಯ ರೈಲ್ವೆಯು ಬೋಗಿ, ವ್ಯಾಗನ್‌ಗಳಿಗೆ ಇದನ್ನು ದೀರ್ಘಕಾಲ ಬಳಸಿದೆ. ಆದರೆ ತಿಪಟೂರು ನಿಲ್ದಾಣದಲ್ಲಿ ನಿಲ್ಲುವ ಬೋಗಿಗಳಿಗೂ ಬಣ್ಣ ತಪ್ಪಿಲ್ಲ. ಸದಾ ತೇವವಿರುವ ಶೌಚಾಲಯದ ಕೆಳಭಾಗವೇ ಬೋಗಿಗಳಲ್ಲಿ ಮೊದಲು ಸವೆಯುವ ಜಾಗ.

ಕಡಲ ಗಾಳಿ ತರುವ ಉಪ್ಪು ತೇವವನ್ನು ಹೀರಿಕೊಳ್ಳುವುದರಿಂದ ಮಳೆಯಿಲ್ಲದ ದಿನವೂ ಉಕ್ಕು ಒಣಗುವುದಿಲ್ಲ. ಕ್ಲೋರೈಡ್ ಸೇರಿದ ತುಕ್ಕು ಸಡಿಲವಾಗಿ ಹಕ್ಕಳೆ ಏಳುತ್ತದೆ, ಕವಚ ಕಟ್ಟುವುದೇ ಇಲ್ಲ. ವಿಚಿತ್ರವೆಂದರೆ, ಮಳೆಗೆ ಒಡ್ಡಿಕೊಂಡ ಭಾಗಕ್ಕಿಂತ ಮರೆಯಲ್ಲಿರುವ ಸೇತುವೆಯ ಅಡಿಭಾಗಕ್ಕೇ ಹಾನಿ ಹೆಚ್ಚು. ಅಲ್ಲಿ ಉಪ್ಪನ್ನು ತೊಳೆಯುವ ಮಳೆಯಿಲ್ಲ. ಹೊನೊಲುಲುವಿನಲ್ಲಿ 1975ರಲ್ಲಿ ತೆರೆದ ಅಲೋಹಾ ಕ್ರೀಡಾಂಗಣ ಈ ಉಕ್ಕನ್ನು ನಂಬಿ ದುಬಾರಿ ದುರಸ್ತಿಗೆ ಗುರಿಯಾಯಿತು. ಅಮೆರಿಕದ ಹೆದ್ದಾರಿ ಇಲಾಖೆಯೂ 1989ರಲ್ಲಿ ಕಡಲತೀರದ ಬಳಕೆಗೆ ಎಚ್ಚರಿಕೆ ನೀಡಿತು.

ಆದ್ದರಿಂದ ನಮ್ಮ ಕರಾವಳಿಯಲ್ಲಿ ಬಣ್ಣದ ಖರ್ಚು ಉಳಿಸಲೆಂದು ಇದನ್ನು ಆರಿಸುವುದು ಹುಸಿ ಉಳಿತಾಯ. ಬಳಸಲೇಬೇಕಿದ್ದರೆ ಸಾಮಾನ್ಯ ಉಕ್ಕಿನಂತೆಯೇ ಲೇಪನ ಬೇಕು: ಮೇಲ್ಮೈಯನ್ನು ಕಣಗಳ ಸಿಡಿತದಿಂದ ಶುಚಿಗೊಳಿಸಿ, ಸತುವು ತುಂಬಿದ ಎಪಾಕ್ಸಿ ಪ್ರೈಮರ್, ನಡುವೆ ಎಪಾಕ್ಸಿ, ಮೇಲೆ ಪಾಲಿಯುರೇಥೇನ್; ಒಟ್ಟು ದಪ್ಪ ಸುಮಾರು 300 ಮೈಕ್ರಾನ್. ಲೇಪನ ಗೀರಿದಲ್ಲಿ ತುಕ್ಕು ಹರಡುವ ವೇಗ ಕೊಂಚ ಕಡಿಮೆಯಾಗಬಹುದು, ಲಾಭ ಅಷ್ಟೇ.

ಈಗಾಗಲೇ ತುಕ್ಕು ಹಿಡಿದ ಉಕ್ಕಿಗೆ ಲೇಪನ ಹಚ್ಚುವುದು ಇನ್ನೂ ಕಷ್ಟ. ಒಣ ಮರಳು ಸಿಡಿತದಿಂದ ಮೇಲ್ಮೈ ಬೆಳ್ಳಗೆ ಕಂಡರೂ ಗುಳಿಗಳೊಳಗೆ ಉಪ್ಪು ಉಳಿದಿರುತ್ತದೆ. ಅದರ ಮೇಲೆ ಹಚ್ಚಿದ ಬಣ್ಣ ಕೆಲವೇ ಕಾಲದಲ್ಲಿ ಗುಳ್ಳೆ ಏಳುತ್ತದೆ. ಅಧಿಕ ಒತ್ತಡದ ಸಿಹಿನೀರಿನಿಂದ ತೊಳೆದು, ಉಳಿದ ಲವಣದ ಪ್ರಮಾಣ ಪರೀಕ್ಷಿಸಿ, ಅಗತ್ಯವಾದರೆ ಮತ್ತೆ ತೊಳೆದ ಬಳಿಕವೇ ಪ್ರೈಮರ್ ಹಚ್ಚಬೇಕು. ಟೆಂಡರ್‌ನಲ್ಲಿ ಬಣ್ಣದ ದಪ್ಪದ ಜೊತೆಗೆ ಈ ಪರೀಕ್ಷೆಯನ್ನೂ ಪ್ರತ್ಯೇಕವಾಗಿ ನಮೂದಿಸುವುದು ಅಗತ್ಯ.